ಬೆಂಕಿ ಆರಿಸಲು ಬಿಡುವು ಯಾರಿಗಿದೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಫೆಬ್ರವರಿ ಕೊನೆಯ ಹೊತ್ತಿಗೆ ‘ಮಡ್ ಸೇಲ್’ಗಳು ಶುರುವಾಗುತ್ತವೆ. ಹಿಮ ಕರಗಿ ಹೊಲವೆಲ್ಲ ರಾಡಿಯೆದ್ದಿರುವಾಗ ನಡೆಯುವ ಹರಾಜು ಆದ್ದರಿಂದ ಆ ಹೆಸರು. ಕೈಯಲ್ಲಿ ಹೊಲಿದ ಕೌದಿ, ಕುದುರೆ, ಕುದುರೆಗಾಡಿ, ಹಳೆಯ ನೇಗಿಲು, ಮರದ ಬೀರು ಎಲ್ಲವೂ ಹರಾಜಿಗೆ ಬರುತ್ತವೆ. ಒಂದೇ ಬಯಲಿನಲ್ಲಿ ನಾಲ್ಕಾರು ಹರಾಜುದಾರರು ಏಕಕಾಲಕ್ಕೆ ಕೂಗುತ್ತಿರುತ್ತಾರೆ. ಇನ್ನೊಂದು ಮೂಲೆಯಲ್ಲಿ ಕೋಳಿ ಮತ್ತು ಮೆಕ್ಕೆಜೋಳದ ಸೂಪು ದೊಡ್ಡ ಹಂಡೆಯಲ್ಲಿ ಕುದಿಯುತ್ತಿರುತ್ತದೆ. ಕೌದಿ ಹೊಲಿದವರು, ಸೂಪು ಬಡಿಸುವವರು, ಗಾಡಿ ನಿಲ್ಲಿಸಲು ಜಾಗ ತೋರಿಸುವ ಹುಡುಗರು, ಇವರಲ್ಲಿ ಯಾರಿಗೂ ಸಂಬಳವಿಲ್ಲ. ಉಳಿದ ಹಣ ಹೋಗುವುದು ಊರಿನ ಅಗ್ನಿಶಾಮಕ ದಳಕ್ಕೆ. ಅಲ್ಲಿನ ಆಮಿಶ್ ಪಂಥದವರು ಮೋಟಾರು ಓಡಿಸುವುದಿಲ್ಲ, ಆದರೆ ದಳದಲ್ಲಿ ಸದಸ್ಯರಾಗಿದ್ದಾರೆ. ಸ್ಟಿಯರಿಂಗ್ ಹಿಡಿಯುವುದು ಬೇರೆಯವರು. ಪೈಪು ಹಿಡಿದು ಇಳಿಯುವವರಲ್ಲಿ ಗಡ್ಡ ಬಿಟ್ಟ ಆಮಿಶ್ ರೈತರೂ ಇರುತ್ತಾರೆ.

ಕರ್ನಾಟಕದಲ್ಲಿ ಕೂತು ಓದುವವರಿಗೆ ಇದು ವಿಚಿತ್ರ ಅನ್ನಿಸೀತು. ನಮ್ಮಲ್ಲಿ 101ಕ್ಕೋ 112ಕ್ಕೋ ಫೋನು ಮಾಡಿದರೆ ಬರುವುದು ಸರ್ಕಾರಿ ಇಲಾಖೆಯ ಸಿಬ್ಬಂದಿ. ಠಾಣೆ ದೂರವಿದೆ, ಗಾಡಿ ಹಳೆಯದು, ಹುದ್ದೆ ಖಾಲಿ ಎಂಬುವು ನಮ್ಮ ದೂರುಗಳು. ಬರುವಾತ ಊರಿನ ಮೆಕ್ಯಾನಿಕ್ಕೋ ಶಾಲೆಯ ಮೇಷ್ಟ್ರೋ ಆಗಿದ್ದು, ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದಿದ್ದಾನೆ ಎಂಬುದು ನಮ್ಮ ಕಲ್ಪನೆಗೇ ಬರುವುದಿಲ್ಲ. ಅಮೆರಿಕದಲ್ಲಿ ಅದೇ ಮಾಮೂಲು. ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 2020ರ ಅಂದಾಜಿನಂತೆ ದೇಶದಲ್ಲಿರುವ 29,452 ದಳಗಳ ಪೈಕಿ 18,873 ಪೂರ್ತಿಯಾಗಿ ಸ್ವಯಂಸೇವಕರವು; ಇನ್ನೂ 5,335ರಲ್ಲಿ ಸ್ವಯಂಸೇವಕರದೇ ಹೆಚ್ಚುಪಾಲು. ಒಟ್ಟು 10.4 ಲಕ್ಷ ಅಗ್ನಿಶಾಮಕರಲ್ಲಿ 6.77 ಲಕ್ಷ ಮಂದಿ ಸಂಬಳವಿಲ್ಲದವರು. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದ ಉಪನಗರಗಳಲ್ಲಿ ಮನೆ ಕೊಂಡ ಎಷ್ಟೋ ಕನ್ನಡಿಗರಿಗೆ ಇದು ತಿಳಿಯುವುದು ಪಕ್ಕದ ಮನೆಯವನು ಊಟದ ಮಧ್ಯೆ ಎದ್ದು, ಕಾರಿನಲ್ಲಿ ನೀಲಿ ದೀಪ ಮಿನುಗಿಸುತ್ತ ಹೊರಟಾಗಲೇ.

ಈ ವ್ಯವಸ್ಥೆ ಈಗ ಕುಸಿಯುತ್ತಿದೆ ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಏಕೆ ಕುಸಿಯುತ್ತಿದೆ, ಮುಂದೇನು ಎಂಬಲ್ಲಿ ಜಗಳವಿದೆ. ಜನ ಸಾಲದ್ದನ್ನು ಒಂದು ಸಮಿತಿ, ದುಡ್ಡು ಸಾಲದ್ದನ್ನು ಇನ್ನೊಂದು ಸಮಿತಿ ಬೇರೆ ಬೇರೆಯಾಗಿ ಚರ್ಚಿಸುವುದೇ ಈ ವಾದದ ದೊಡ್ಡ ದೋಷವೆಂದು ನನಗೆ ತೋರುತ್ತದೆ. ಎರಡೂ ಕಡೆ ಮುಗಿಯುತ್ತ ಬಂದಿರುವುದು ಒಂದೇ ಸಾಮಗ್ರಿ: ಊರವರ ಬಿಡುವಿನ ಹೊತ್ತು.

ಚರ್ಮದ ಬಕೆಟ್‌ನಿಂದ ಉಗಿಯಂತ್ರದವರೆಗೆ

ಕಥೆ ಶುರುವಾಗುವುದು ಬೆಂಜಮಿನ್ ಫ್ರಾಂಕ್ಲಿನ್‌ನಿಂದ. 1736ರ ಡಿಸೆಂಬರ್ 7ರಂದು ಫಿಲಡೆಲ್ಫಿಯಾದಲ್ಲಿ ಆತ ಗೆಳೆಯರನ್ನು ಸೇರಿಸಿ ಯೂನಿಯನ್ ಫೈರ್ ಕಂಪನಿ ಕಟ್ಟಿದ. ಪ್ರತಿ ಸದಸ್ಯನೂ ಚರ್ಮದ ಬಕೆಟ್‌ಗಳನ್ನೂ ಚೀಲಗಳನ್ನೂ ಮನೆಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿರಬೇಕು. ಬಕೆಟ್ ನೀರಿಗೆ, ಚೀಲ ಉರಿಯುವ ಮನೆಯಿಂದ ಸಾಮಾನು ಹೊರಸಾಗಿಸಲು. ಬಾಸ್ಟನ್‌ನಲ್ಲಿ ಅದಕ್ಕೂ ಮೊದಲೇ ಇಂಥ ಸಂಘಗಳಿದ್ದವು, ಆದರೆ ಅವು ನೋಡಿಕೊಳ್ಳುತ್ತಿದ್ದುದು ತಮ್ಮ ಸದಸ್ಯರ ಮನೆಗಳನ್ನು. ಊರಿಗೆಲ್ಲ ಸಲ್ಲುವ ದಳ ಎಂಬ ಕಲ್ಪನೆ ಬೇರೂರಿದ್ದು ಫ್ರಾಂಕ್ಲಿನ್‌ನ ಮಾದರಿಯಿಂದ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ನಗರಗಳ ಸಮಸ್ಯೆ ಈಗಿನದಕ್ಕೆ ತೀರ ಉಲ್ಟಾ. ಸ್ವಯಂಸೇವಕರು ಬೇಕಾದ್ದಕ್ಕಿಂತ ಹೆಚ್ಚಿದ್ದರು. ಒಂದು ಬೀದಿಗೆ ಎರಡು ಕಂಪನಿ, ನಲ್ಲಿಗೆ ಮೊದಲು ಪೈಪು ಹಾಕುವವರು ಯಾರು ಎಂದು ಹೊಡೆದಾಟ, ಅತ್ತ ಮನೆ ಉರಿಯುತ್ತಲೇ ಇತ್ತು. ದಳದ ಸದಸ್ಯತ್ವವೆಂದರೆ ರಾಜಕೀಯಕ್ಕೆ ಏಣಿ. ನ್ಯೂಯಾರ್ಕಿನ ಭ್ರಷ್ಟಾಚಾರಕ್ಕೆ ಮನೆಮಾತಾದ ‘ಬಾಸ್’ ಟ್ವೀಡ್ ಮೇಲೆ ಬಂದದ್ದೇ ಅಮೇರಿಕಸ್ ಎಂಬ ಆರನೆಯ ನಂಬರಿನ ಎಂಜಿನ್ ಕಂಪನಿಯ ಮುಂದಾಳಾಗಿ.

ಇದನ್ನು ಮುರಿದದ್ದು ಉಗಿಯಂತ್ರ. ಕೈಯಲ್ಲಿ ಒತ್ತುವ ಪಂಪಿಗೆ ಹತ್ತಾರು ಜನ ಬೇಕಿತ್ತು. ಉಗಿ ಪಂಪಿಗೆ ಬೆರಳೆಣಿಕೆಯಷ್ಟು ಜನ ಸಾಕು. ಸಿನ್ಸಿನಾಟಿ ನಗರ 1853ರ ಏಪ್ರಿಲ್ 1ರಂದು ಪೂರ್ತಿ ಸಂಬಳದ ದಳ ಆರಂಭಿಸಿತು. ನ್ಯೂಯಾರ್ಕ್ 1865ರಲ್ಲಿ, ಫ್ರಾಂಕ್ಲಿನ್‌ನ ಫಿಲಡೆಲ್ಫಿಯಾ 1871ರಲ್ಲಿ ಅದೇ ದಾರಿ ಹಿಡಿದವು. ದೊಡ್ಡ ನಗರಗಳಿಗೆ ಸಂಬಳದವರು, ಸಣ್ಣೂರುಗಳಿಗೆ ಸ್ವಯಂಸೇವಕರು ಎಂಬ ವಿಂಗಡಣೆ ಆಗ ಆದದ್ದು ಇವತ್ತಿಗೂ ಉಳಿದಿದೆ.

ಸಣ್ಣೂರಿನಲ್ಲಿ ಅದು ಚೆನ್ನಾಗಿಯೇ ನಡೆಯಿತು. ದಳದ ಕಟ್ಟಡವೇ ಊರಿನ ಛತ್ರ. ಮದುವೆ ಆರತಕ್ಷತೆ ಅಲ್ಲಿ, ತಿಥಿಯೂಟ ಅಲ್ಲಿ, ಮತದಾನ ಅಲ್ಲಿ, ಹಲವು ಕಡೆ ಒಂದು ಬಾರು ಕೂಡ ಅಲ್ಲೇ. ಸೈರನ್ ಕೂಗಿದರೆ ಗಿರಣಿಯ ಮೇಲ್ವಿಚಾರಕ ತಕರಾರಿಲ್ಲದೆ ಹತ್ತು ಜನರನ್ನು ಬಿಟ್ಟುಕೊಡುತ್ತಿದ್ದ. ಅವನೂ ಅದೇ ಊರಿನವನು, ಸುಟ್ಟರೆ ಸುಡುವುದು ಅವನ ಗಿರಣಿಯೂ ಆಗಬಹುದು.

ಲೆಕ್ಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಅಗ್ನಿ ಸಂರಕ್ಷಣಾ ಸಂಘದ ಅಂದಾಜಿನಲ್ಲಿ 1984ರಲ್ಲಿ 8.97 ಲಕ್ಷ ಸ್ವಯಂಸೇವಕರಿದ್ದರು. 2020ಕ್ಕೆ 6.77 ಲಕ್ಷ. ಈ ಅವಧಿಯಲ್ಲಿ ದೇಶದ ಜನಸಂಖ್ಯೆ ಸುಮಾರು 23.6 ಕೋಟಿಯಿಂದ 33 ಕೋಟಿಗೆ ಏರಿದೆ. ಅಂದರೆ 263 ಜನರಿಗೊಬ್ಬ ಇದ್ದವನು 490 ಜನರಿಗೊಬ್ಬನಾಗಿದ್ದಾನೆ. ಕೆಲಸದ ಹೊರೆ ಇನ್ನೊಂದು ದಿಕ್ಕಿಗೆ ಹೋಗಿದೆ. 1980ರಲ್ಲಿ ದೇಶದ ದಳಗಳಿಗೆ ಬಂದ ಕರೆಗಳು 1.08 ಕೋಟಿ, 2020ರಲ್ಲಿ 3.64 ಕೋಟಿ. ತಮಾಷೆಯೆಂದರೆ ಬೆಂಕಿಯೇ ಕಡಿಮೆಯಾಗಿದೆ. ಅಂದು 30 ಲಕ್ಷದ ಹತ್ತಿರವಿದ್ದ ಬೆಂಕಿ ಪ್ರಕರಣಗಳು ಈಗ 14 ಲಕ್ಷಕ್ಕೂ ಕಡಿಮೆ. ಹೆಚ್ಚಿದ್ದೆಲ್ಲ ಬೇರೆ ಕರೆಗಳು: ಎದೆನೋವು, ರಸ್ತೆ ಅಪಘಾತ, ಮಾದಕದ್ರವ್ಯದ ಮಿತಿಮೀರಿದ ಸೇವನೆ, ಬಿದ್ದು ಏಳಲಾಗದ ವೃದ್ಧರು, ಸುಮ್ಮಸುಮ್ಮನೆ ಬಡಿದುಕೊಳ್ಳುವ ಅಲಾರಂ.

ಪೆನ್ಸಿಲ್ವೇನಿಯಾದ ಅಂಕಿ ಇನ್ನೂ ಗಾಬರಿ ಹುಟ್ಟಿಸುತ್ತದೆ. 1970ರ ದಶಕದಲ್ಲಿ ಮೂರು ಲಕ್ಷದಷ್ಟಿದ್ದ ಸ್ವಯಂಸೇವಕರು 38,000ಕ್ಕೆ ಇಳಿದಿದ್ದಾರೆಂದು ರಾಜ್ಯದ ಶಾಸಕಾಂಗ ನೇಮಿಸಿದ ಆಯೋಗ 2018ರಲ್ಲಿ ವರದಿ ಮಾಡಿತು. ಆ ವರದಿ ಬಂದ ಮೇಲೆ ಪತ್ರಿಕೆಗಳಲ್ಲಿ ಈ ಎರಡು ಸಂಖ್ಯೆ ಇಲ್ಲದ ಲೇಖನವೇ ಇಲ್ಲ.

ಆದರೂ ಇವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ರಾಷ್ಟ್ರೀಯ ಅಂದಾಜು ನಿಂತಿರುವುದು ಸಮೀಕ್ಷೆಯ ಮೇಲೆ. ಅದರಲ್ಲೇ 2015ಕ್ಕೆ 8.15 ಲಕ್ಷ ಇದ್ದದ್ದು ಎರಡೇ ವರ್ಷದಲ್ಲಿ 6.83 ಲಕ್ಷ ಎಂದು ತೋರುತ್ತದೆ. ಎರಡು ವರ್ಷದಲ್ಲಿ ಲಕ್ಷಕ್ಕೂ ಮೀರಿ ಜನ ನಿಜವಾಗಿ ಬಿಟ್ಟುಹೋದರೆಂದು ನಂಬುವುದು ಕಷ್ಟ. ಸ್ವಯಂಸೇವಕ ಎಂದರೆ ಯಾರು ಎಂಬುದೂ ಸಡಿಲ. ಹಳೆಯ ಪಟ್ಟಿಯಲ್ಲಿ ಬಾರಿಗೆ ಮಾತ್ರ ಬರುವವರು, ವರ್ಷಕ್ಕೊಮ್ಮೆ ಮೆರವಣಿಗೆಗೆ ಸಮವಸ್ತ್ರ ಹಾಕುವವರು ಎಲ್ಲ ಸೇರಿದ್ದರು. ಇಳಿಕೆ ನಿಜ. ಎಷ್ಟು ಎಂಬುದು ಅಷ್ಟು ಖಚಿತವಲ್ಲ.

ಮೊದಲ ವಾದ: ಊರಿನ ನಂಟು ಸಡಿಲವಾಯಿತು

ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 2000ದಲ್ಲಿ ‘ಬೌಲಿಂಗ್ ಅಲೋನ್’ ಪುಸ್ತಕ ಬರೆದ ಮೇಲೆ ಈ ವಾದಕ್ಕೆ ವಿದ್ವತ್ತಿನ ಬೆಂಬಲ ಸಿಕ್ಕಿತು. ಅಮೆರಿಕನ್ನರು ಕ್ಲಬ್ಬು, ಚರ್ಚು, ಸಂಘ ಎಲ್ಲದರಿಂದ ಹಿಂದೆಗೆದು ಮನೆಯೊಳಗೆ ಸೇರಿಕೊಂಡಿದ್ದಾರೆ, ಟಿ.ವಿ.ಗೆ ಇದರಲ್ಲಿ ದೊಡ್ಡ ಪಾಲಿದೆ ಎಂಬುದು ಅವರ ನಿಲುವು. ಅಗ್ನಿಶಾಮಕ ದಳ ಈ ಸರಣಿಯಲ್ಲಿ ಇನ್ನೊಂದು ಸಂಘ ಅಷ್ಟೆ. ಅಪ್ಪ, ಮಗ, ಮೊಮ್ಮಗ ಎಂದು ಮನೆತನದ ಹಾದಿಯಾಗಿ ಬರುತ್ತಿದ್ದ ಸದಸ್ಯತ್ವ ಕಡಿದುಹೋದದ್ದನ್ನೂ, ಲಯನ್ಸ್ ಕ್ಲಬ್ಬು, ಪಾಲಕರ ಸಂಘಗಳು ಅದೇ ಕಾಲಕ್ಕೆ ಸೊರಗಿದ್ದನ್ನೂ ಈ ವಾದ ಚೆನ್ನಾಗಿ ವಿವರಿಸುತ್ತದೆ.

ಇದರ ದೌರ್ಬಲ್ಯವೆಂದರೆ, ಬಹಳ ಬೇಗ ಅದು ‘ಈಗಿನ ಹುಡುಗರಿಗೆ ಸೇವಾಭಾವವೇ ಇಲ್ಲ’ ಎಂಬ ಹಿರಿಯರ ಹಳಹಳಿಕೆಯಾಗಿಬಿಡುತ್ತದೆ. ಹಿಂದೆ ಒಳಗೆ ಬಿಟ್ಟುಕೊಂಡದ್ದು ಯಾರನ್ನು ಎಂಬ ಪ್ರಶ್ನೆ ಆಗ ಮರೆಯಾಗುತ್ತದೆ. ದಶಕಗಳ ಕಾಲ ಹೆಂಗಸರಿಗೆ ಇದ್ದ ಜಾಗ ಅಡುಗೆಮನೆಯ ‘ಸಹಾಯಕ ಮಂಡಳಿ’. ಕಪ್ಪು ಜನರಿಗೆ ಎಷ್ಟೋ ಊರುಗಳಲ್ಲಿ ಅದೂ ಇರಲಿಲ್ಲ. ಇಂದಿಗೂ ಸ್ವಯಂಸೇವಕರಲ್ಲಿ ಹೆಂಗಸರು ಹತ್ತಕ್ಕೊಬ್ಬರಷ್ಟು ಮಾತ್ರ. ಅರ್ಧ ಊರನ್ನು ಕರೆಯದೆ, ಊರು ಬರುತ್ತಿಲ್ಲ ಎಂದು ದೂರುವುದು ಹೇಗೆ?

ಎರಡನೆಯ ವಾದ: ಕೆಲಸ ಊರಿಂದ ಹೊರಗೆ ಹೋಯಿತು

ಇದು ಭೂಗೋಳ ಮತ್ತು ದಿನಚರಿಯ ವಾದ. ನನಗೆ ಹೆಚ್ಚು ತೂಕದ್ದಾಗಿ ಕಾಣುವುದೂ ಇದೇ. ಗಿರಣಿ ಮುಚ್ಚಿತು, ಗಣಿ ಮುಚ್ಚಿತು. ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮಾಲೀಕ ಬಾಗಿಲಿಗೆ ಚೀಟಿ ಅಂಟಿಸಿ ಬೆಂಕಿಗೆ ಓಡುತ್ತಿದ್ದ. ಅದೇ ಊರಿನ ಹುಡುಗ ಈಗ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಪಾಳಿಯ ಮೇಲಿದ್ದಾನೆ, ಬಿಟ್ಟುಬಂದರೆ ಕೆಲಸ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯದೆ ಮನೆ ನಡೆಯುವುದಿಲ್ಲವಾದ್ದರಿಂದ, ರಾತ್ರಿ ತರಬೇತಿಗೆ ಒಬ್ಬರು ಹೋದರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಯೂ ಇದೆ. ಪ್ರವಾಸಿ ತಾಣಗಳಲ್ಲಿ ಇನ್ನೊಂದು ತೊಡಕು. ಮನೆ ಬೆಲೆ ಏರಿ, ಇಪ್ಪತ್ತೈದರ ಪ್ರಾಯದವರು ಅಲ್ಲಿ ಬಾಡಿಗೆಗೂ ಇರಲಾರರು.

ಇದರ ಪರಿಣಾಮ ಎದ್ದು ಕಾಣುವುದು ಹಗಲಿನಲ್ಲಿ. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಮನೆಗೆ ಬೆಂಕಿ ಬಿತ್ತೆಂದು ಇಟ್ಟುಕೊಳ್ಳಿ. ಪೇಜರ್ ಬಡಿಯುತ್ತದೆ. ಠಾಣೆಗೆ ಮೊದಲು ಬರುವಾತ ನಿವೃತ್ತ, ಎಪ್ಪತ್ತರ ಹತ್ತಿರ. ಗಾಡಿ ಓಡಿಸಬಲ್ಲ, ಪಂಪು ನಡೆಸಬಲ್ಲ, ಆದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೊಗೆಯೊಳಗೆ ಹೋಗುವ ವಯಸ್ಸಲ್ಲ. ಎರಡನೆಯವನು ರಾತ್ರಿಪಾಳಿ ಮುಗಿಸಿ ಮಲಗಿದ್ದವನು. ಕಾಯುತ್ತಾರೆ. ಎರಡನೆಯ ಸಲ ಪೇಜರ್ ಬಡಿಯುತ್ತದೆ, ನಿಯಂತ್ರಣ ಕೊಠಡಿ ಪಕ್ಕದ ಊರಿನ ದಳವನ್ನೂ ಕರೆಯುತ್ತದೆ, ಅಲ್ಲಿಯೂ ಪರಿಸ್ಥಿತಿ ಇದೇ. 1998ರ ಕೇಂದ್ರ ನಿಯಮದಂತೆ ಉಸಿರಾಡಲಾಗದ ಹೊಗೆಯೊಳಗೆ ಇಬ್ಬರು ಹೋಗಬೇಕಾದರೆ ಹೊರಗೆ ಇಬ್ಬರು ಸಜ್ಜಾಗಿ ನಿಂತಿರಬೇಕು. ಒಳಗೆ ಜೀವ ಸಿಕ್ಕಿಕೊಂಡಿದೆಯೆಂದರೆ ಮಾತ್ರ ವಿನಾಯಿತಿ. ನಾಲ್ವರು ಕೂಡುವತನಕ ಹೊರಗಿನಿಂದ ನೀರು ಹೊಡೆಯುವುದೊಂದೇ ಕೆಲಸ.

ಅಗ್ನಿ ಸಂರಕ್ಷಣಾ ಸಂಘದ 1720ನೆಯ ಮಾನದಂಡ ಹಳ್ಳಿಗಾಡಿಗೆ ಕೇಳುವುದು ತುಂಬ ಸಾಧಾರಣ ಗುರಿ: ಹತ್ತರಲ್ಲಿ ಎಂಟು ಸಲ 14 ನಿಮಿಷದೊಳಗೆ ಆರು ಜನ. ಮನೆಯೊಳಗಿನ ಬೆಂಕಿ ಅಷ್ಟು ಕಾಯುವುದಿಲ್ಲ. ಸುರಕ್ಷತಾ ಪರೀಕ್ಷೆ ನಡೆಸುವ ಯುಎಲ್ ಸಂಸ್ಥೆಯ ಪ್ರಯೋಗದಲ್ಲಿ ಹಳೆಯ ಕಾಲದ ಹತ್ತಿ, ಮರದ ಪೀಠೋಪಕರಣವಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು 29 ನಿಮಿಷ ತೆಗೆದುಕೊಂಡರೆ, ಫೋಮು, ಪ್ಲಾಸ್ಟಿಕ್ ತುಂಬಿದ ಈಗಿನ ಕೋಣೆಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಜನ ದೂರವಾದ ಕಾಲಕ್ಕೇ ಬೆಂಕಿ ಬಿರುಸಾಗಿದೆ.

ಈ ವಾದಕ್ಕೂ ಉತ್ತರಿಸಲಾಗದ್ದು ಇದೆ. ಒಂದೇ ಕೌಂಟಿಯಲ್ಲಿ, ಒಂದೇ ಬಗೆಯ ಉದ್ಯೋಗವಿರುವ ಎರಡು ಊರುಗಳಲ್ಲಿ ಒಂದು ದಳ ತುಂಬಿರುತ್ತದೆ, ಇನ್ನೊಂದು ಬಿಕೋ ಎನ್ನುತ್ತಿರುತ್ತದೆ. ಬರೀ ದಿನಚರಿಯೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು.

ಮೂರನೆಯ ವಾದ: ಕೇಳುವುದು ಹೆಚ್ಚಾಯಿತು

ಹಳಬರು ಹೇಳುವಂತೆ, ಒಂದು ಕಾಲದಲ್ಲಿ ಸೇರಿದ ವಾರವೇ ಕೋಟು ಕೊಟ್ಟು ಗಾಡಿ ಹತ್ತಿಸುತ್ತಿದ್ದರು. ಈಗ ಹೊಗೆಯೊಳಗೆ ಹೋಗುವ ಮಟ್ಟದ ಮೂಲ ತರಬೇತಿಗೆ ಇನ್ನೂರು ತಾಸಿನ ಆಸುಪಾಸು ಬೇಕು. ಅಂದರೆ ತಿಂಗಳುಗಟ್ಟಲೆ ವಾರಕ್ಕೆರಡು ಸಂಜೆ, ಜೊತೆಗೆ ಶನಿವಾರಗಳು. ಇದರ ಮೇಲೆ ಪ್ರಥಮ ಚಿಕಿತ್ಸೆ, ಅಪಾಯಕಾರಿ ರಾಸಾಯನಿಕ, ಅಪಘಾತವಾದ ವಾಹನದೊಳಗೆ ಸಿಕ್ಕವರ ರಕ್ಷಣೆ. ಬೆಂಕಿಯೊಡನೆ ಸೆಣಸಲು ಉತ್ಸಾಹದಿಂದ ಬಂದವನನ್ನು ನಡುರಾತ್ರಿ ಮೂರಕ್ಕೆ ಎಬ್ಬಿಸಿ, ವೃದ್ಧಾಶ್ರಮದ ಕೆಟ್ಟ ಅಲಾರಂ ನೋಡಲು ಕಳಿಸಿದರೆ ಎಷ್ಟು ದಿನ ಬಂದಾನು?

ಈ ವಾದ ಕಾವೇರಿದ್ದು 2024ರ ಫೆಬ್ರವರಿಯಲ್ಲಿ. ಕಾರ್ಮಿಕ ಸುರಕ್ಷತೆಯ ಕೇಂದ್ರ ಸಂಸ್ಥೆ ಓಷಾ, 1980ರ ಹಳೆಯ ‘ಫೈರ್ ಬ್ರಿಗೇಡ್’ ನಿಯಮದ ಜಾಗಕ್ಕೆ ತುರ್ತುಸೇವೆಗಳ ಹೊಸ ನಿಯಮದ ಕರಡು ಹೊರಡಿಸಿತು. ವೈದ್ಯಕೀಯ ತಪಾಸಣೆ, ಲಿಖಿತ ಯೋಜನೆ, ಉಪಕರಣಗಳ ಪರೀಕ್ಷೆ ಹೀಗೆ ಪಟ್ಟಿ ಉದ್ದವಿತ್ತು. ಇದನ್ನು ಪಾಲಿಸಹೊರಟರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂದು ಸ್ವಯಂಸೇವಕ ದಳಗಳ ರಾಷ್ಟ್ರೀಯ ಮಂಡಳಿ ತಕರಾರೆತ್ತಿತು. ಎದುರುಪಕ್ಷದ ಮಾತೂ ಸುಲಭಕ್ಕೆ ತಳ್ಳಿಹಾಕುವಂಥದಲ್ಲ. ಕರ್ತವ್ಯದಲ್ಲಿ ಸಾಯುವ ಅಗ್ನಿಶಾಮಕರಿಗೆ ಹೃದಯಾಘಾತವೇ ಮುಖ್ಯ ಕಾರಣ, ಕ್ಯಾನ್ಸರಿನ ಭಯ ಬೇರೆ. ಬೆಂಕಿ ಎದುರಿಸುವವನು ಸಂಬಳ ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂದು ಬೆಂಕಿ ಕೇಳುವುದಿಲ್ಲ. ಪೆನ್ಸಿಲ್ವೇನಿಯಾ 2011ರಲ್ಲಿ, ಅಗ್ನಿಶಾಮಕರ ಕ್ಯಾನ್ಸರನ್ನು ಕೆಲಸದಿಂದ ಬಂದದ್ದೆಂದೇ ಭಾವಿಸುವ ಕಾನೂನು ತಂದಿತು. ಪರಿಹಾರ ಕೊಡಬೇಕಾದೀತೆಂದು ಖಾಸಗಿ ವಿಮೆ ಕಂಪನಿಗಳು ಹಿಂದೆ ಸರಿದವು, ಎಷ್ಟೋ ಊರುಗಳು ರಾಜ್ಯದ ನಿಧಿಯನ್ನು ಆಶ್ರಯಿಸಬೇಕಾಯಿತು.

ನಾಲ್ಕನೆಯ ವಾದ: ದೋಷ ಮನೆಯೊಳಗೇ ಇದೆ

ಆಡಳಿತ ಬಲ್ಲವರು ಹೇಳುವುದು ಇದನ್ನು. ಜನ ಸೇರುತ್ತಿಲ್ಲ ಎನ್ನುವುದಕ್ಕಿಂತ, ಸೇರಿದವರು ನಿಲ್ಲುತ್ತಿಲ್ಲ ಎನ್ನುವುದು ಸರಿ. ಹೊಸಬರನ್ನು ಮೂಲೆಗೆ ಕೂರಿಸುವ ಹಳೆಯ ಗುಂಪು, ಮುಖ್ಯಸ್ಥನ ಚುನಾವಣೆಯ ಜಗಳ, ಬಾರಿನ ಲೆಕ್ಕದ ಜಗಳ ಇವೆಲ್ಲ ಬಂದವರನ್ನು ಓಡಿಸುತ್ತವೆ. ಇದಕ್ಕೆ ಸೇರಿಕೊಂಡದ್ದು ಚೂರುಚೂರಾದ ಭೂಪಟ. ಪೆನ್ಸಿಲ್ವೇನಿಯಾದಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕಿ ಸ್ಥಳೀಯ ಸಂಸ್ಥೆಗಳಿವೆ. ಫೈರ್ ಕಂಪನಿಗಳ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ. ಎರಡು ಮೈಲಿ ಅಂತರದಲ್ಲಿ ಎರಡು ದಳ, ಎರಡೆರಡು ಏಣಿಗಾಡಿ, ಹಗಲಲ್ಲಿ ಎರಡನ್ನೂ ಓಡಿಸುವವರಿಲ್ಲ. ಸೇರಿಸಿಬಿಡಿ ಎನ್ನುತ್ತಾರೆ ತಜ್ಞರು. ಸೇರಿಸಹೊರಟವರಿಗೆ ಗೊತ್ತು, ಯಾವ ಊರಿನ ಹೆಸರು ಗಾಡಿಯ ಮೇಲಿರಬೇಕೆಂಬುದಕ್ಕೇ ವರ್ಷ ಕಳೆಯುತ್ತದೆ. ನಮ್ಮೂರ ತೇರು ನಿಮ್ಮೂರ ಬೀದಿಯಲ್ಲಿ ಏಕೆ ನಿಲ್ಲಬೇಕು ಎಂಬಂಥದೇ ಜಗಳ.

ಬಿಂಗೋ, ಕೋಳಿ, ಹತ್ತು ಲಕ್ಷ ಡಾಲರಿನ ಗಾಡಿ

ದುಡ್ಡಿನ ವಿಷಯಕ್ಕೆ ಬಂದರೆ, ಪೆನ್ಸಿಲ್ವೇನಿಯಾದಂಥ ಕಡೆ ದಳವೆಂಬುದು ಸರ್ಕಾರಿ ಇಲಾಖೆಯೇ ಅಲ್ಲ, ಲಾಭದಾಸೆಯಿಲ್ಲದ ಖಾಸಗಿ ಸಂಸ್ಥೆ. ಕಟ್ಟಡ ಅದರದು, ಗಾಡಿ ಅದರದು. ಬರೋ, ಟೌನ್‌ಶಿಪ್ ಎಂಬ ಸ್ಥಳೀಯ ಸಂಸ್ಥೆಗಳು ಅಗ್ನಿಸೇವೆಗೆ ಹಣಕಾಸು ಸಮೇತ ಹೊಣೆಯೆಂದು 2008ರ ಕಾನೂನು ಹೇಳಿತು, ಆದರೆ ಎಷ್ಟು ಕೊಡಬೇಕೆಂದು ಹೇಳಲಿಲ್ಲ. ಹೊರರಾಜ್ಯದ ವಿಮೆ ಕಂಪನಿಗಳ ಅಗ್ನಿವಿಮೆ ಕಂತಿನ ಮೇಲಿನ ಶೇ 2ರ ತೆರಿಗೆಯಲ್ಲಿ ಒಂದು ಪಾಲು ಬರುತ್ತದೆ. ಕೆಲವು ಟೌನ್‌ಶಿಪ್‌ಗಳು ಆಸ್ತಿಯ ಮೇಲೆ ಪ್ರತ್ಯೇಕ ಅಗ್ನಿ ತೆರಿಗೆ ಹಾಕುತ್ತವೆ. ಉಳಿದದ್ದಕ್ಕೆ ಬಿಂಗೋ, ರಾಫಲ್ ಲಾಟರಿ, ಕೋಳಿ ಬಾರ್ಬೆಕ್ಯೂ, ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಕರಿದ ಮೀನು.

ಇವೆಲ್ಲ ಸಾಕಾಗುತ್ತಿದ್ದ ಕಾಲವೊಂದಿತ್ತು. ಈಗ ಪಂಪು ಹೊತ್ತ ಒಂದು ಹೊಸ ಅಗ್ನಿಶಾಮಕ ಗಾಡಿಗೆ ಹತ್ತು ಲಕ್ಷ ಡಾಲರಿನ ಸುತ್ತಮುತ್ತ ಬೆಲೆ, ಏಣಿಗಾಡಿಗೆ ಅದರ ದುಪ್ಪಟ್ಟು. ಆರ್ಡರು ಕೊಟ್ಟ ಮೇಲೆ ಎರಡು ಮೂರು ವರ್ಷ ಕಾಯಬೇಕು. ಮೈಮೇಲಿನ ಅಗ್ನಿನಿರೋಧಕ ದಿರಿಸಿಗೆ ತಲಾ ಸಾವಿರಾರು ಡಾಲರು, ಹತ್ತು ವರ್ಷಕ್ಕೆ ಬದಲಿಸಬೇಕೆಂಬ ಮಾನದಂಡ. ಬೆಲೆ ಏಕೆ ಹೀಗೆ ಏರಿತು ಎಂಬುದೇ ಒಂದು ವಿವಾದ. ಉಕ್ಕು, ಎಲೆಕ್ಟ್ರಾನಿಕ್ ಚಿಪ್, ಕೋವಿಡ್ ಎನ್ನುತ್ತಾರೆ ತಯಾರಕರು. ಸಣ್ಣ ಕಾರ್ಖಾನೆಗಳನ್ನು ದೊಡ್ಡವರು ನುಂಗಿದ್ದು ಕಾರಣ ಎನ್ನುತ್ತಾರೆ ಅಗ್ನಿಶಾಮಕರ ಕಾರ್ಮಿಕ ಸಂಘದವರು. ಖಾಸಗಿ ಹೂಡಿಕೆ ಸಂಸ್ಥೆಯೊಂದು ಕಟ್ಟಿದ ರೆವ್ ಗ್ರೂಪ್ ಇ-ಒನ್, ಕೆಎಂಇ, ಫೆರಾರಾ, ಸ್ಪಾರ್ಟನ್ ಎಂಬ ಗಾಡಿ ತಯಾರಕರನ್ನು ಒಂದಾದ ಮೇಲೊಂದು ಕೊಂಡಿತು. ಪೆನ್ಸಿಲ್ವೇನಿಯಾದ ನೆಸ್ಕ್ವಹೋನಿಂಗ್‌ನಲ್ಲಿದ್ದ ಕೆಎಂಇ ಕಾರ್ಖಾನೆ 2022ರಲ್ಲಿ ಮುಚ್ಚಿತು. 2025ರಲ್ಲಿ ಸೆನೆಟ್‌ನ ಎರಡೂ ಪಕ್ಷದ ಸದಸ್ಯರು ಈ ಉದ್ಯಮವನ್ನು ಪ್ರಶ್ನಿಸತೊಡಗಿದರು.

ಈಗ ಎರಡು ಎಳೆ ಸೇರುವ ಜಾಗಕ್ಕೆ ಬಂದೆವು. ಸಾವಿರ ಕೋಳಿ ಸುಡಲು ಹಿಂದಿನ ರಾತ್ರಿಯಿಂದಲೇ ಜನ ಬೇಕು. ವಾರವಾರ ಬಿಂಗೋ ನಡೆಸಲು ಇಡೀ ಸಂಜೆ ಬೇಕು. ಈ ಕೆಲಸಕ್ಕೆ ಬರುವವರು ತರಬೇತಿಗೂ ಕರೆಗೂ ಬರಬೇಕಾದ ಅದೇ ಹದಿನೈದು ಜನ. ಜನ ಕಡಿಮೆಯಾದಂತೆ ಉಳಿದವರ ಮೇಲೆ ಅಡುಗೆಯ ಭಾರ ಹೆಚ್ಚುತ್ತದೆ, ಅಡುಗೆಯ ಭಾರಕ್ಕೆ ಇನ್ನಷ್ಟು ಜನ ಬಿಡುತ್ತಾರೆ. ತೆರಿಗೆ ಹಾಕದೆ ಊರು ಉಳಿಸಿಕೊಂಡ ಹಣವನ್ನು ಆ ಹದಿನೈದು ಜನ ತಮ್ಮ ಹೊತ್ತಿನ ರೂಪದಲ್ಲಿ ಕಟ್ಟುತ್ತಿದ್ದಾರೆ. ‘ಉಚಿತ’ ಸೇವೆಯೆಂದು ಇದನ್ನು ಕರೆಯುವವರು ಸಾಮಾನ್ಯವಾಗಿ ಆ ಹದಿನೈದರಲ್ಲಿ ಇಲ್ಲದವರು.

ಕೊಟ್ಟವರಿಗೆ ಮಾತ್ರ ಸೇವೆ ಎಂಬ ಹಳೆಯ ದಾರಿಯೂ ಒಂದಿದೆ. ಅದು ಎಲ್ಲಿಗೆ ಮುಟ್ಟುತ್ತದೆಂದು ಟೆನೆಸಿಯ ಒಬಿಯನ್ ಕೌಂಟಿ 2010ರ ಸೆಪ್ಟೆಂಬರಿನಲ್ಲಿ ತೋರಿಸಿತು. ಅಲ್ಲಿನ ಸೌತ್ ಫುಲ್ಟನ್ ನಗರದ ದಳ ನಗರದ ಹೊರಗಿನ ಮನೆಗಳಿಗೆ ವರ್ಷಕ್ಕೆ 75 ಡಾಲರು ಶುಲ್ಕ ಇಟ್ಟಿತ್ತು. ಶುಲ್ಕ ಕಟ್ಟದ ಒಂದು ಮನೆಗೆ ಬೆಂಕಿ ಬಿತ್ತು. ದಳ ಬಂದದ್ದು ಬೆಂಕಿ ಪಕ್ಕದ ಹೊಲಕ್ಕೆ ಹರಡಿದಾಗ. ಪಕ್ಕದವರು ಶುಲ್ಕ ಕಟ್ಟಿದ್ದರು. ದಳದವರು ಅವರ ಹೊಲ ಉಳಿಸಿ, ಮನೆ ಉರಿಯುವುದನ್ನು ನೋಡುತ್ತ ನಿಂತರು. ದೇಶವೆಲ್ಲ ಛೀಮಾರಿ ಹಾಕಿತು. ಎಲ್ಲರ ಬೆಂಕಿಯನ್ನೂ ಆರಿಸಿದರೆ ಶುಲ್ಕ ಕಟ್ಟುವವರು ಯಾರು ಎಂಬ ನಗರದ ಪ್ರಶ್ನೆಗೆ ಛೀಮಾರಿ ಹಾಕಿದವರಲ್ಲಿ ಉತ್ತರವಿರಲಿಲ್ಲ.

ಮದ್ದುಗಳ ಪರೀಕ್ಷೆ

ಕೇಂದ್ರ ಸರ್ಕಾರದ ಅನುದಾನಗಳು 2001ರಿಂದ ಶುರುವಾದವು: ಉಪಕರಣಕ್ಕೆ ಒಂದು, ಸಿಬ್ಬಂದಿಗೆ ಅನಂತರ ಬಂದ ‘ಸೇಫರ್’ ಎಂಬ ಇನ್ನೊಂದು. ಸೇಫರ್‌ನ ಒಂದು ಪಾಲು ಸ್ವಯಂಸೇವಕರನ್ನು ಸೇರಿಸಿ ಉಳಿಸಿಕೊಳ್ಳುವುದಕ್ಕೇ ಮೀಸಲು. ಅರ್ಜಿ ಬರೆಯಲು ಬರುವ ಒಬ್ಬರಾದರೂ ಇಲ್ಲದ ದಳಕ್ಕೆ ಇದು ದಕ್ಕುವುದಿಲ್ಲ ಎಂಬುದು ಹಳೆಯ ದೂರು. ಸಾಕಷ್ಟು ವರ್ಷ ಸೇವೆ ಮಾಡಿದವರಿಗೆ ಇಳಿವಯಸ್ಸಿನಲ್ಲಿ ಸಣ್ಣ ಪಿಂಚಣಿ ಕೊಡುವ ಯೋಜನೆಗಳಿವೆ. ಪೆನ್ಸಿಲ್ವೇನಿಯಾದಲ್ಲಿ 2016ರ ಕಾನೂನು ಸ್ವಯಂಸೇವಕರ ಸ್ಥಳೀಯ ತೆರಿಗೆ ತಗ್ಗಿಸಲು ಊರುಗಳಿಗೆ ಅವಕಾಶ ಕೊಟ್ಟಿತು. ಸ್ಟೇಟ್ ಕಾಲೇಜ್ ಪಟ್ಟಣದ ಆಲ್ಫಾ ಫೈರ್ ಕಂಪನಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಠಾಣೆಯಲ್ಲೇ ವಸತಿ ಕೊಟ್ಟು ಅವರನ್ನು ಸ್ವಯಂಸೇವಕರಾಗಿಸಿಕೊಂಡಿದೆ. ಸೊಗಸಾದ ಉಪಾಯ, ಆದರೆ ಎಲ್ಲ ಊರಿಗೂ ವಿಶ್ವವಿದ್ಯಾಲಯವಿಲ್ಲ.

ಹೆಚ್ಚು ಹರಡುತ್ತಿರುವುದು ಮಿಶ್ರ ಮಾದರಿ: ಹಗಲಿಗೆ ಇಬ್ಬರು ಮೂವರು ಸಂಬಳದವರು, ರಾತ್ರಿಗೂ ವಾರಾಂತ್ಯಕ್ಕೂ ಸ್ವಯಂಸೇವಕರು, ಕೆಲವೆಡೆ ಕರೆಗಿಷ್ಟು ಎಂದು ಗೌರವಧನ. ಗೌರವಧನಕ್ಕೆ ಒಂದು ಗೆರೆ ಇದೆ. ಅದೇ ಕೆಲಸದ ಪೂರ್ಣಾವಧಿ ಸಂಬಳದ ಶೇ 20 ಮೀರಿದರೆ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ ಆತ ನೌಕರ, ಆಗ ಕನಿಷ್ಠ ವೇತನ, ಓವರ್‌ಟೈಮ್ ಎಲ್ಲ ಬಂತು. ನಗರದ ಸಂಬಳದ ಅಗ್ನಿಶಾಮಕರು ರಜಾದಿನದಲ್ಲಿ ತಮ್ಮ ಹುಟ್ಟೂರಿನ ದಳಕ್ಕೆ ಬರುವುದೂ ಉಂಟು. ಅವರ ಕಾರ್ಮಿಕ ಸಂಘಕ್ಕೆ ಇದು ಹಿಡಿಸುವುದಿಲ್ಲ. ಬಿಟ್ಟಿ ಕೆಲಸ ಮಾಡಿದರೆ ಆ ಊರು ಸಂಬಳದವರನ್ನು ನೇಮಿಸುವುದೇ ಇಲ್ಲ ಎಂಬುದು ಸಂಘದ ತರ್ಕ.

ಹೊರದೇಶಗಳ ಕಡೆ ನೋಡಿದರೆ, ಜರ್ಮನಿಯಲ್ಲಿ ಹತ್ತು ಲಕ್ಷದಷ್ಟು ಸ್ವಯಂಸೇವಕರಿದ್ದಾರೆ. ಅಲ್ಲಿ ಗಾಡಿ, ಕಟ್ಟಡಗಳ ಖರ್ಚು ಊರಾಡಳಿತದ್ದೇ. ಕರೆ ಬಂದು ಕೆಲಸ ಬಿಟ್ಟು ಓಡಿದವನ ಸಂಬಳ ಕಡಿತವಾಗುವಂತಿಲ್ಲ, ಆ ಹೊತ್ತಿನ ಸಂಬಳವನ್ನು ಖಾಸಗಿ ಮಾಲೀಕನಿಗೆ ಊರಾಡಳಿತ ತುಂಬಿಕೊಡುತ್ತದೆ. ಜನ ಸಾಲದಿದ್ದರೆ ಕಡ್ಡಾಯವಾಗಿ ಸೇರಿಸಿಕೊಳ್ಳುವ ಅಧಿಕಾರವೂ ಉಂಟು. ರಜಾಮನೆಗಳಿಂದ ತುಂಬಿದ ಸಿಲ್ಟ್ ದ್ವೀಪದ ಲಿಸ್ಟ್ ಎಂಬ ಊರು ಅದನ್ನು ಬಳಸಬೇಕಾಯಿತು. ಹಾಗೆಂದು ಕಾನೂನು ಬಿಗಿಯಾಗಿದ್ದರೆ ಎಲ್ಲ ಸರಿಹೋಗುತ್ತದೆಂದಲ್ಲ. ಜಪಾನಿನ ಊರ ಅಗ್ನಿದಳಗಳಿಗೆ ಕಾನೂನಿನ ಬುನಾದಿಯೂ ಸಣ್ಣ ಭತ್ಯೆಯೂ ಇವೆ. 1950ರ ದಶಕದಲ್ಲಿ ಇಪ್ಪತ್ತು ಲಕ್ಷ ಇದ್ದವರು 2022ಕ್ಕೆ ಎಂಟು ಲಕ್ಷಕ್ಕಿಂತ ಕೆಳಗಿಳಿದರು. ಹಳ್ಳಿಯಲ್ಲಿ ಹರೆಯದವರೇ ಉಳಿಯದಿದ್ದರೆ ಭತ್ಯೆ ಯಾರಿಗೆ ಕೊಡುವುದು?

ಇತ್ಯರ್ಥವಾಗದ್ದು

ತೆರಿಗೆ ವಿನಾಯಿತಿ, ಪಿಂಚಣಿಗಳು ಹೊಸಬರನ್ನು ತರುತ್ತವೆಯೇ ಅಥವಾ ಹೇಗೂ ಇರುತ್ತಿದ್ದ ಹಳಬರಿಗೆ ಬಹುಮಾನವಾಗುತ್ತವೆಯೇ ಎಂಬುದು ತೀರ್ಮಾನವಾಗಿಲ್ಲ. ಒಮ್ಮೆ ಹಗಲಿಗೆ ಸಂಬಳದವರನ್ನು ತಂದರೆ ಉಳಿದ ಸ್ವಯಂಸೇವಕರು ನಿರಾಳರಾಗಿ ಹೆಚ್ಚು ಕಾಲ ನಿಲ್ಲುತ್ತಾರೆ ಎಂದು ಕೆಲವರು, ‘ಇನ್ನು ನಾವೇಕೆ’ ಎಂದು ಜಾರಿಕೊಳ್ಳುತ್ತಾರೆ ಎಂದು ಕೆಲವರು. ಎರಡಕ್ಕೂ ಉದಾಹರಣೆ ಕೊಡುವವರಿದ್ದಾರೆ. ಓಷಾ ಕರಡಿನ ಮೇಲೆ 2024ರ ಕೊನೆಯಲ್ಲಿ ಸಾರ್ವಜನಿಕ ಅಹವಾಲು ನಡೆದರೂ ಸಂಬಳವಿಲ್ಲದವನಿಗೂ ಸಂಬಳದವನಿಗೂ ಒಂದೇ ಸುರಕ್ಷತಾ ನಿಯಮ ಬೇಕೇ ಎಂಬ ಮೂಲಪ್ರಶ್ನೆಯಲ್ಲಿ ಎರಡೂ ಪಕ್ಷ ತಮ್ಮ ಜಾಗದಿಂದ ಕದಲಿಲ್ಲ. ಬೆಂಕಿಗಿಂತ ಆಂಬುಲೆನ್ಸ್ ಕರೆಗಳೇ ಹೆಚ್ಚಾಗಿರುವಾಗ ಈ ಸಂಸ್ಥೆಯನ್ನು ಅಗ್ನಿಶಾಮಕ ದಳವೆಂದೇ ಮುಂದುವರಿಸಬೇಕೆ, ಆರೋಗ್ಯ ಸೇವೆಯ ಬಜೆಟ್ಟಿನಿಂದ ಅದಕ್ಕೆ ಪಾಲು ಬರಬೇಕೆ ಎಂಬುದನ್ನು ಇನ್ನೂ ಗಂಭೀರವಾಗಿ ಕೇಳಿದವರು ಕಡಿಮೆ.

ದಳ ಮುಚ್ಚಿದರೆ ಊರಿಗೆ ಬೀಳುವ ಖರ್ಚೂ ಲೆಕ್ಕದೊಳಗೆ ಬರಬೇಕು. ಮನೆವಿಮೆ ಕಂಪನಿಗಳು ಊರಿನ ಅಗ್ನಿರಕ್ಷಣೆಗೆ ಒಂದರಿಂದ ಹತ್ತರವರೆಗೆ ದರ್ಜೆ ಕೊಡುವ ಪಟ್ಟಿಯನ್ನು ನೋಡುತ್ತವೆ. ಹತ್ತು ಎಂದರೆ ಗಣನೆಗೆ ಬರುವ ರಕ್ಷಣೆಯೇ ಇಲ್ಲವೆಂದು. ದರ್ಜೆ ಇಳಿದಾಗ ಏರುವ ವಿಮೆ ಕಂತು, ಊರು ಕಟ್ಟಲೊಲ್ಲದ ಅಗ್ನಿ ತೆರಿಗೆಗಿಂತ ಎಷ್ಟು ಹೆಚ್ಚು ಎಂಬ ಲೆಕ್ಕವನ್ನು ಮತದಾರರ ಮುಂದಿಡುವ ಊರುಗಳು ವಿರಳ.

ಕೊನೆಯದು ಆಸ್ತಿಯ ಪ್ರಶ್ನೆ. ಎರಡು ದಳ ಸೇರಿಸಬೇಕೆಂದು ಟೌನ್‌ಶಿಪ್ ಬಯಸಬಹುದು, ಯಾವ ದಳಕ್ಕೆ ಕರೆ ಹೋಗಬೇಕೆಂದು ನಿರ್ಧರಿಸಬಹುದು. ಕಟ್ಟಡ ಮತ್ತು ಗಾಡಿ ಮಾತ್ರ ಅದರ ಕೈಯಲ್ಲಿಲ್ಲ. ಸಾರ್ವಜನಿಕ ಸೇವೆಗೆಂದು ಕೂಡಿದ ಈ ಸಂಸ್ಥೆ ವಿಸರ್ಜನೆಯಾದರೆ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಂಥದೇ ಉದ್ದೇಶಕ್ಕೆ ಹೋಗಬೇಕು, ತಕರಾರಾದರೆ ಕೋರ್ಟು ನೋಡಬೇಕು. ಮೂವತ್ತು ವರ್ಷ ಕೋಳಿ ಸುಟ್ಟು, ಕೌದಿ ಹರಾಜು ಹಾಕಿ ಕೊಂಡ ಏಣಿಗಾಡಿ ಪಕ್ಕದ ಊರಿಗೆ ಹೋಗಬೇಕೆ, ಹೋಗುವುದಾದರೆ ಅದರ ಬೆಲೆಯಲ್ಲಿ ಆ ಊರಿನ ಪಾಲೆಷ್ಟು, ತೆರಿಗೆ ಕಟ್ಟಿದವರಿಗೂ ಹೊತ್ತು ಕೊಟ್ಟವರಿಗೂ ಅದರ ಮೇಲೆ ಸಮಾನ ಹಕ್ಕಿದೆಯೇ? ವಿಲೀನದ ಮಾತುಕತೆಗಳು ಮುರಿದುಬೀಳುವುದು ಬಹುಪಾಲು ಇಲ್ಲಿಯೇ, ಮತ್ತು ಇದಕ್ಕೆ ಒಪ್ಪಿತವಾದ ಸೂತ್ರ ಇನ್ನೂ ಹುಟ್ಟಿಲ್ಲ.